ಭಯದ ಸುದ್ದಿ ಕೈಗೆ ಬಂದಾಗ

ಕಳೆದ ತಿಂಗಳ ಎರಡನೇ ಜುಮಾದಲ್ಲಿ ಸೂರಃ ಅನ್ನಿಸಾದ 83ನೇ ವಚನವನ್ನು ಮುಂದಿಟ್ಟುಕೊಂಡು ಖುತ್ಬಾ ಮಾಡಿದ್ದೆ. ನಮಾಝ್ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಇಬ್ಬರು ಯುವಕರು ನನ್ನನ್ನು ನಿಲ್ಲಿಸಿದರು. "ಉಸ್ತಾದರೇ, ಫಾರ್ವರ್ಡ್ ಮಾಡಬೇಡಿ ಎಂದು ನಮಗೆ ಹೇಳುತ್ತೀರಿ. ಪತ್ರಿಕೆಯವರಿಗೆ, ಟಿವಿಯವರಿಗೆ ಹೇಳುವವರು ಯಾರು? ನಮ್ಮವನು ಕೊಂದರೆ ಭಯೋತ್ಪಾದಕ, ಬೇರೆಯವನು ಕೊಂದರೆ ತಲೆಕೆಟ್ಟವನು. ಇದು ಯಾವ ನ್ಯಾಯ?" ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹದಿನೈದು ನಿಮಿಷದ ಖುತ್ಬಾದಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಆದ್ದರಿಂದ ಈ ಸಲ ಬರೀ ಸಾರಾಂಶ ಕೊಡದೆ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ವಚನದ ಆಶಯ. ಮದೀನಾದಲ್ಲಿ ಯುದ್ಧದ ದಿನಗಳು. ಸೈನ್ಯ ಗೆದ್ದಿತಂತೆ, ಸೋತಿತಂತೆ, ಶತ್ರು ಇಂಥ ಕಡೆಯಿಂದ ಬರುತ್ತಿದ್ದಾನಂತೆ ಎಂದು ಏನಾದರೊಂದು ಸುದ್ದಿ ಬಂದೊಡನೆ ಕೆಲವರು ಅದನ್ನು ಬೀದಿ ಬೀದಿಗೆ ಹರಡಿಬಿಡುತ್ತಿದ್ದರು. ಅಲ್ಲಾಹನು ಅವರನ್ನು ತಿದ್ದಿದನು. ಸುದ್ದಿ ನೆಮ್ಮದಿಯದ್ದಾಗಲಿ ಭಯದ್ದಾಗಲಿ, ಅದನ್ನು ಮೊದಲು ಪ್ರವಾದಿ(ಸ)ರ ಬಳಿಗೆ, ಹೊಣೆ ಹೊತ್ತವರ ಬಳಿಗೆ ಒಯ್ಯಬೇಕಿತ್ತು. ಅವರಲ್ಲಿ ಪರಿಶೀಲಿಸಬಲ್ಲವರು ಅದರ ನಿಜವನ್ನು ತಿಳಿಯುತ್ತಿದ್ದರು ಎಂದು ಕಲಿಸಿದನು. ಪರಿಶೀಲನೆಗೆ ಅಲ್ಲಿ ಬಳಕೆಯಾಗಿರುವ ಕ್ರಿಯಾಪದ 'ಇಸ್ತಿನ್‌ಬಾತ್' ಎಂಬುದರಿಂದ ಬಂದದ್ದು. ಬಾವಿ ತೋಡಿ ನೀರು ತೆಗೆಯುವುದು ಅದರ ಮೂಲ ಅರ್ಥವೆಂದು ಮದ್ರಸದಲ್ಲಿ ನಮಗೆ ಕಲಿಸಿದ್ದರು. ಬಾವಿ ತೋಡಿಸಿದವರಿಗೆ ಗೊತ್ತು, ಮೊದಲು ಬರುವುದು ಕೆಸರು ನೀರು. ಅದನ್ನು ಯಾರೂ ಬಿಂದಿಗೆಗೆ ತುಂಬಿ ನೆರೆಮನೆಗೆ ಕೊಡುವುದಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇದನ್ನು ಮಿಂಬರಿನ ಮೇಲೆ ಹೇಳಲು ನಾಲಿಗೆ ಬರಲಿಲ್ಲ.

2019ರ ಮಾರ್ಚ್ 15. ಅದೂ ಶುಕ್ರವಾರವೇ. ನ್ಯೂಝಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಜುಮಾದ ಹೊತ್ತು, ಮಧ್ಯಾಹ್ನ 1.40ರ ಸುಮಾರು. ನಮ್ಮಲ್ಲಿ ಆಗ ಬೆಳಿಗ್ಗೆ ಆರು ದಾಟಿತ್ತು, ಫಜ್ರ್ ಮುಗಿಸಿ ಜನ ಮನೆಗೆ ಹೋಗಿದ್ದರು. ಬಿಳಿಯ ಜನಾಂಗವೇ ಶ್ರೇಷ್ಠವೆಂಬ ದ್ವೇಷವನ್ನು ತಲೆಗೇರಿಸಿಕೊಂಡಿದ್ದ ಆಸ್ಟ್ರೇಲಿಯದ ಒಬ್ಬನು ಅಲ್ ನೂರ್ ಮಸೀದಿಗೆ ನುಗ್ಗಿದ. ಅನಂತರ ಲಿನ್‌ವುಡ್‌ನ ಮಸೀದಿಯ ಮೇಲೂ ಗುಂಡು ಹಾರಿಸಿದ. ಒಟ್ಟು 51 ಮಂದಿ ಶಹೀದರಾದರು. ಅವರಲ್ಲಿ ಭಾರತದವರೂ ಇದ್ದರು. ಬಾಗಿಲ ಬಳಿ ಇದ್ದ ನಮಾಝಿಯೊಬ್ಬರು ಬಂದವನನ್ನು "ಹಲೋ ಬ್ರದರ್" ಎಂದು ಸ್ವಾಗತಿಸಿದ್ದರು.

ಅವನು ತಲೆಗೆ ಕ್ಯಾಮೆರಾ ಕಟ್ಟಿಕೊಂಡಿದ್ದ. ಕೊಲ್ಲುವುದನ್ನು 17 ನಿಮಿಷ ಫೇಸ್‌ಬುಕ್ಕಿನಲ್ಲಿ ನೇರ ಪ್ರಸಾರ ಮಾಡಿದ. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರ ಒಂದು ತುಣುಕು ನನ್ನ ಫೋನಿಗೆ ಬಂತು. ಪೂರ್ತಿ ನೋಡಲು ಆಗಲಿಲ್ಲ, ಕೈ ನಡುಗಿತು. ಆದರೆ ಅದೇ ಕೈಯಿಂದ, "ನಮ್ಮ ಸಹೋದರರಿಗಾಗಿ ದುಆ ಮಾಡಿ" ಎಂದು ಬರೆದು, ವೀಡಿಯೊ ಸಮೇತ ಜಮಾಅತಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ನಾನು ದುಃಖ ಹಂಚಿಕೊಳ್ಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಜುಮಾ ಮುಗಿಸಿ ಬಂದ ಮೇಲೆ ಮನಸ್ಸು ಒಪ್ಪದೆ ಅಳಿಸಲು ಹೋದರೆ, ಎಲ್ಲರ ಫೋನಿನಿಂದ ಅಳಿಸುವ ಸಮಯ ಮೀರಿತ್ತು.

ನಮ್ಮ ಮದ್ರಸದಲ್ಲಿ ಆಗ ಹತ್ತು ವರ್ಷದ ಒಬ್ಬ ಹುಡುಗ ಇದ್ದ. ಚುರುಕಾಗಿ ಓದುತ್ತಿದ್ದವನು ಆ ವಾರದ ಬಳಿಕ ನಮಾಝಿನಲ್ಲಿ ಹಿಂದೆ ತಿರುಗಿ ತಿರುಗಿ ಬಾಗಿಲು ನೋಡತೊಡಗಿದ. ಹಿಂದಿನ ಸಫ್ಫಿನಲ್ಲಿ ನಿಲ್ಲುತ್ತಲೇ ಇರಲಿಲ್ಲ, ಗೋಡೆಯ ಮೂಲೆ ಹುಡುಕುತ್ತಿದ್ದ. ನಮಾಝಿನಲ್ಲಿ ಏಕಾಗ್ರತೆ ಇಲ್ಲವೆಂದು ನಾನು ಎರಡು ಸಲ ಗದರಿಸಿದ್ದೆ. ಅವನ ಉಮ್ಮ ನನ್ನ ಹೆಂಡತಿಯ ಬಳಿ ಹೇಳಿದ ಮೇಲೆ ಗೊತ್ತಾಯಿತು: ತಂದೆಯ ಫೋನಿನಲ್ಲಿ, ನಮ್ಮದೇ ಗುಂಪಿನಲ್ಲಿ, ಅವನು ಆ ವೀಡಿಯೊ ನೋಡಿದ್ದ. ಅಂದರೆ ಕಳುಹಿಸಿದವನೂ ನಾನೇ, ಗದರಿಸಿದವನೂ ನಾನೇ.

ಆ ವೀಡಿಯೊ ಹೇಗೆ ಹರಡಿತು ಎಂಬುದರ ಲೆಕ್ಕವನ್ನು ಫೇಸ್‌ಬುಕ್ ಕಂಪನಿಯೇ ಆ ವಾರ ಕೊಟ್ಟಿತು. ಅದನ್ನು ಓದಿದಾಗಿನಿಂದ ನನಗೆ ಈ ವಿಷಯ ಬೇರೆ ರೀತಿ ಕಾಣುತ್ತಿದೆ. ನೇರ ಪ್ರಸಾರವನ್ನು ಆಗಲೇ ನೋಡಿದ್ದು 200ಕ್ಕೂ ಕಡಿಮೆ ಸಲ. ಮೂಲ ವೀಡಿಯೊ ತೆಗೆದುಹಾಕುವ ಹೊತ್ತಿಗೆ ಒಟ್ಟು ಸುಮಾರು 4,000 ವೀಕ್ಷಣೆ ಆಗಿತ್ತು. ಪ್ರಸಾರ ನಡೆಯುತ್ತಿದ್ದಾಗ ಒಬ್ಬನೂ ದೂರು ಕೊಡಲಿಲ್ಲ. ಮೊದಲ ದೂರು ಬಂದದ್ದು ಪ್ರಸಾರ ಶುರುವಾಗಿ 29 ನಿಮಿಷಕ್ಕೆ, ಎಂದರೆ ಅದು ಮುಗಿದು 12 ನಿಮಿಷ ಆದಮೇಲೆ. ಇಷ್ಟೇ ಆಗಿದ್ದರೆ ಆ 17 ನಿಮಿಷ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಮುಂದಿನ 24 ಗಂಟೆಯಲ್ಲಿ ಫೇಸ್‌ಬುಕ್ ಆ ವೀಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆಯಬೇಕಾಯಿತು. ಅದರಲ್ಲಿ 12 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಹಾಕುವಾಗಲೇ ಯಂತ್ರ ತಡೆಯಿತು. ಉಳಿದವು ಒಳಗೆ ಹೋಗಿಬಿಟ್ಟಿದ್ದವು. ಕೆಲವರು ಟಿವಿಯಲ್ಲಿ ಬಂದದ್ದನ್ನು ಫೋನಿನಲ್ಲಿ ಚಿತ್ರೀಕರಿಸಿ ಹಾಕಿದರು, ಕೆಲವರು ಅಂಚು ಕತ್ತರಿಸಿ ಹಾಕಿದರು. ಹೀಗೆ 800ಕ್ಕೂ ಹೆಚ್ಚು ರೂಪಗಳಾದ್ದರಿಂದ ಯಂತ್ರಕ್ಕೂ ಗುರುತು ಹಿಡಿಯುವುದು ಕಷ್ಟವಾಯಿತು.

ಇಷ್ಟೊಂದು ಪ್ರತಿಗಳನ್ನು ಹೊತ್ತವರು ಯಾರು? ಅವನ ಅಭಿಮಾನಿಗಳು ಖಂಡಿತ ಇದ್ದರು. ಅವರ ಜೊತೆಗೆ ನನ್ನಂಥವರೂ ಇದ್ದೆವು, ಅಳುತ್ತಾ ಹೊತ್ತವರು. ಅವನಿಗೆ ಬೇಕಾಗಿದ್ದುದೂ ಅದೇ. ಭಯೋತ್ಪಾದಕನು ಒಂದು ಕೋಣೆಯಲ್ಲಿ ಇರುವವರನ್ನು ಕೊಲ್ಲುವುದು ಆ ಕೋಣೆಯ ಹೊರಗಿನವರಿಗಾಗಿ. ಕೊಲ್ಲುವುದನ್ನು ಅವನು ಮಾಡುತ್ತಾನೆ. ಭಯವನ್ನು ಮನೆಮನೆಗೆ ಮುಟ್ಟಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಹೋಗುತ್ತಾನೆ. ಆ ಕೆಲಸವನ್ನು ಹಿಂದೆ ಪತ್ರಿಕೆ, ಟಿವಿಗಳು ಮಾಡುತ್ತಿದ್ದವು. ಈಗ ನಾವೂ ಮಾಡುತ್ತೇವೆ, ಸಂಬಳವಿಲ್ಲದೆ.

ಇನ್ನು ಯುವಕರ ಪ್ರಶ್ನೆಗೆ ಬರುತ್ತೇನೆ. ಪತ್ರಿಕೆಗಳ ತಕ್ಕಡಿ ಒಂದೇ ಸಮನಾಗಿಲ್ಲ ಎಂಬುದು ನಮ್ಮ ಕಲ್ಪನೆಯಲ್ಲ. ಕ್ರೈಸ್ಟ್‌ಚರ್ಚ್ ದಾಳಿಯ ಮರುದಿನ ಬ್ರಿಟನ್ನಿನ 'ಡೈಲಿ ಮಿರರ್' ಮುಖಪುಟದಲ್ಲಿ ಅಚ್ಚಾದದ್ದು ತಂದೆಯ ತೋಳಿನಲ್ಲಿದ್ದ ಮುದ್ದು ಮಗುವಿನ ಚಿತ್ರ. ದೇವದೂತನಂಥ ಹುಡುಗ ದುಷ್ಟ ಹಂತಕನಾಗಿ ಬೆಳೆದ ಎಂಬ ಅರ್ಥದ ತಲೆಬರಹ. ದುಷ್ಟ ಎಂದೂ ಬರೆದಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಕಣ್ಣು ಮೊದಲು ಹೋಗುವುದು ಮಗುವಿನ ಮೇಲೆ. ಅದೇ ಪತ್ರಿಕೆ 2016ರಲ್ಲಿ ಅಮೆರಿಕದ ಒರ್ಲಾಂಡೊ ದಾಳಿ ನಡೆದಾಗ ಹಂತಕನನ್ನು ನೇರವಾಗಿ ಐಸಿಸ್‌ನ ಹುಚ್ಚ ಎಂದು ಕರೆದಿತ್ತು. ಅವನ ಬಾಲ್ಯದ ಚಿತ್ರ ಹುಡುಕುವ ತೊಂದರೆ ತೆಗೆದುಕೊಂಡಿರಲಿಲ್ಲ.

2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನರ ಹತ್ಯೆಯಾಯಿತು. ಮರುದಿನ 'ದಿ ಸನ್' ಪತ್ರಿಕೆಯ ಮುಖಪುಟದಲ್ಲಿ ಅಲ್‌ಖಾಯಿದಾದ ಹೆಸರಿತ್ತು. ಕೊಂದವನು ನಾರ್ವೆಯವನೇ, ಮುಸ್ಲಿಮರ ಮೇಲಿನ ದ್ವೇಷವನ್ನು ಪುಟಗಟ್ಟಲೆ ಬರೆದಿಟ್ಟಿದ್ದವನು. ಇನ್ನು ಅಮೆರಿಕದ ಸಂಶೋಧಕರು 2006ರಿಂದ 2015ರವರೆಗೆ ಆ ದೇಶದಲ್ಲಿ ನಡೆದ ದಾಳಿಗಳ ವರದಿಗಳನ್ನು ಎಣಿಸಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಸತ್ತವರ ಸಂಖ್ಯೆ ಮೊದಲಾದವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಮುಸ್ಲಿಮ್ ಹೆಸರಿನವನು ಮಾಡಿದ ದಾಳಿಗೆ ಸರಾಸರಿ 357 ಶೇಕಡಾ ಹೆಚ್ಚು ವರದಿ ಬಂದಿತ್ತು. ಬೇರೆಯವನ ದಾಳಿಗೆ 10 ಸುದ್ದಿ ಬಂದರೆ ಇವನ ದಾಳಿಗೆ ಸುಮಾರು 45 ಎಂದು ಲೆಕ್ಕ ಹಾಕಿಕೊಳ್ಳಿ. ಈ 45 ಸುದ್ದಿ ಓದಿದ ಓದುಗನನ್ನು ನಾವು ದೂರಿ ಏನು ಪ್ರಯೋಜನ? ಅವನು ಓದಿದ್ದನ್ನೇ ನಂಬಿದ್ದಾನೆ.

ನಮ್ಮ ನಾಡಿನವರೊಬ್ಬರ ಮೇಲೆಯೇ ಇದು ನಡೆದದ್ದನ್ನು ಹಿರಿಯರು ಮರೆತಿರಲಾರರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ಉರಿಯುವ ಜೀಪು ನುಗ್ಗಿಸಿದರು. ನುಗ್ಗಿಸಿದವರಲ್ಲಿ ಒಬ್ಬ ಬೆಂಗಳೂರಿನವನೇ, ಅದನ್ನು ಮುಚ್ಚಿಡುವುದು ಬೇಡ. ಅವನ ದೂರದ ಸಂಬಂಧಿಯಾದ ಒಬ್ಬ ವೈದ್ಯರು, ಕರ್ನಾಟಕದವರು, ಆಸ್ಟ್ರೇಲಿಯದ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದರು. ಹುಟ್ಟಿದ ಮಗುವನ್ನು ನೋಡಲು ಊರಿಗೆ ಹೊರಟವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಅವರ ಹೆಸರನ್ನು ನಾನು ಬರೆಯುವುದಿಲ್ಲ, ಆಗಲೇ ಬೇಕಾದಷ್ಟು ಸಲ ಅಚ್ಚಾಗಿದೆ. ಬ್ರಿಟನ್ ಬಿಡುವಾಗ ಅವರು ತಮ್ಮ ಸಿಮ್ ಕಾರ್ಡನ್ನು ಸಂಬಂಧಿಗೆ ಕೊಟ್ಟುಬಂದಿದ್ದರು. ಆ ಸಿಮ್ ಉರಿದ ಜೀಪಿನಲ್ಲೇ ಸಿಕ್ಕಿತೆಂದು ಸರಕಾರಿ ವಕೀಲರು ನ್ಯಾಯಾಲಯದಲ್ಲಿ ಹೇಳಿದರು, ಪತ್ರಿಕೆಗಳು ಅಚ್ಚು ಮಾಡಿದವು. ವಾಸ್ತವದಲ್ಲಿ ಅದು ಸಿಕ್ಕಿದ್ದು ಗ್ಲಾಸ್ಗೊದಲ್ಲಿ ಅಲ್ಲವೇ ಅಲ್ಲ, ಲಿವರ್‌ಪೂಲ್ ನಗರದಲ್ಲಿ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಸುಳ್ಳನ್ನು ಬಯಲಿಗೆಳೆದವರು ಯಾರು? ಆಸ್ಟ್ರೇಲಿಯದ ಎಬಿಸಿ ಸಂಸ್ಥೆಯ ವರದಿಗಾರರು. ಪೊಲೀಸರು ವೈದ್ಯರನ್ನು ಪ್ರಶ್ನಿಸಿದ ದಾಖಲೆಯನ್ನು ಅವರ ವಕೀಲರು 'ದಿ ಆಸ್ಟ್ರೇಲಿಯನ್' ಪತ್ರಿಕೆಗೆ ಕೊಟ್ಟರು, ಪತ್ರಿಕೆ ಪ್ರಕಟಿಸಿತು. ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. 2010ರಲ್ಲಿ ಅಲ್ಲಿನ ಸರಕಾರ ಕ್ಷಮೆ ಕೇಳಿ ಪರಿಹಾರವನ್ನೂ ಕೊಟ್ಟಿತು. ಮಾಧ್ಯಮವೆಲ್ಲ ನಮ್ಮ ವೈರಿ ಎಂದು ಮಾತಾಡುವ ಯುವಕರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ. ಕೆಸರು ನೀರು ಹಂಚಿದ್ದೂ ಪತ್ರಿಕೆಗಳೇ, ಇನ್ನೂ ಆಳಕ್ಕೆ ತೋಡಿದ್ದೂ ಪತ್ರಿಕೆಗಳೇ.

ಕ್ರೈಸ್ಟ್‌ಚರ್ಚಿನ ಸ್ಥಳೀಯ ಪತ್ರಿಕೆ 'ದಿ ಪ್ರೆಸ್' ದಾಳಿ ನಡೆದ ಮುಂದಿನ ಶುಕ್ರವಾರ ಏನು ಮಾಡಿತು ಗೊತ್ತೇ? ಮುಖಪುಟದಲ್ಲಿ ಅರಬಿ ಲಿಪಿಯಲ್ಲಿ ದೊಡ್ಡದಾಗಿ 'ಸಲಾಮ್' ಎಂದು ಬರೆದು, ಅಗಲಿದವರ ಹೆಸರುಗಳನ್ನು ಅಚ್ಚು ಮಾಡಿತು. ಆ ದಿನ ಅಝಾನ್ ಇಡೀ ದೇಶಕ್ಕೆ ಟಿವಿ, ರೇಡಿಯೊದಲ್ಲಿ ಪ್ರಸಾರವಾಯಿತು. ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಸಲಾಮ್ ಹೇಳಿ ಮಾತು ಆರಂಭಿಸಿ, ಕೊಂದವನ ಹೆಸರನ್ನು ತಾನು ಎಂದೂ ಉಚ್ಚರಿಸುವುದಿಲ್ಲ, ಕಳೆದುಕೊಂಡವರ ಹೆಸರು ಹೇಳೋಣ ಎಂದರು. ಮೇ ತಿಂಗಳಲ್ಲಿ ಅಲ್ಲಿನ ಐದು ದೊಡ್ಡ ಮಾಧ್ಯಮ ಸಂಸ್ಥೆಗಳು ಒಟ್ಟಿಗೆ ಕುಳಿತು, ವಿಚಾರಣೆಯನ್ನು ವರದಿ ಮಾಡುವಾಗ ಅವನ ದ್ವೇಷದ ಮಾತುಗಳಿಗೆ ಜಾಗ ಕೊಡುವುದಿಲ್ಲ ಎಂದು ಒಪ್ಪಿಕೊಂಡವು. ವೀಡಿಯೊ ಇಟ್ಟುಕೊಳ್ಳುವುದೇ ಅಪರಾಧವಾಯಿತು, ಹಂಚಿದ ಒಬ್ಬನಿಗೆ 21 ತಿಂಗಳ ಸೆರೆವಾಸವೂ ಆಯಿತು. ಆ ಕಾನೂನು ನಮ್ಮೂರಿಗೆ ಬಂದಿದ್ದರೆ ನಾನೂ ಕಟಕಟೆಯಲ್ಲಿ ನಿಲ್ಲಬೇಕಿತ್ತು.

ನಮ್ಮ ದೇಶದಲ್ಲೂ ಪಾಠ ಕಲಿತದ್ದು ಉಂಟು. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಟಿವಿಯವರು ಕಮಾಂಡೊಗಳ ಚಲನವಲನವನ್ನು ನೇರ ತೋರಿಸಿದರು. ಗಡಿಯಾಚೆ ಕುಳಿತಿದ್ದವರು ಅದನ್ನು ನೋಡುತ್ತಾ ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ಕೊಟ್ಟರು. ಸುಪ್ರೀಂ ಕೋರ್ಟು 2012ರಲ್ಲಿ ಇದನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ನಿಯಮ ತಿದ್ದಿ, ಅಂಥ ಕಾರ್ಯಾಚರಣೆಯ ನೇರ ಪ್ರಸಾರವನ್ನು ನಿಷೇಧಿಸಲಾಯಿತು.

ಆದರೆ ವಾಟ್ಸಾಪಿಗೆ ಸಂಪಾದಕನಿಲ್ಲ. ಇಲ್ಲಿ ನಮ್ಮವರ ತಪ್ಪನ್ನೂ ಹೇಳದೆ ಹೋದರೆ ಈ ಬರಹಕ್ಕೆ ಬೆಲೆ ಇರುವುದಿಲ್ಲ. 2012ರಲ್ಲಿ ಮ್ಯಾನ್ಮಾರಿನ ಮುಸ್ಲಿಮರ ಮೇಲೆ ನಿಜವಾಗಿಯೂ ದೌರ್ಜನ್ಯ ನಡೆದಿತ್ತು. ಅದರ ಹೆಸರಿನಲ್ಲಿ ಒಂದು ಚಿತ್ರ ಎಲ್ಲೆಡೆ ಹರಿದಾಡಿತು: ಸಾಲು ಸಾಲು ಹೆಣಗಳು, ನಡುವೆ ಕೆಂಪು ಬಟ್ಟೆಯ ಬೌದ್ಧ ಭಿಕ್ಷುಗಳು. ಅದು 2010ರಲ್ಲಿ ಚೀನಾದ ಟಿಬೆಟನ್ ಪ್ರದೇಶದಲ್ಲಾದ ಭೂಕಂಪದ ಚಿತ್ರ. ಆ ಭಿಕ್ಷುಗಳು ಸತ್ತವರ ಅಂತ್ಯಕ್ರಿಯೆಗೆ ಬಂದವರು! ಅಂಥ ಚಿತ್ರಗಳು ಕೆರಳಿಸಿದ ಆಗಸ್ಟ್ ತಿಂಗಳಲ್ಲೇ ಮುಂಬೈಯ ಆಝಾದ್ ಮೈದಾನದ ಪ್ರತಿಭಟನೆ ಹಿಂಸೆಗೆ ತಿರುಗಿ ಇಬ್ಬರು ಸತ್ತರು. ಕೆಲವೇ ದಿನಗಳಲ್ಲಿ, ಮುಸ್ಲಿಮರು ಈಶಾನ್ಯದವರ ಮೇಲೆ ದಾಳಿ ಮಾಡಲಿದ್ದಾರೆ ಎಂಬ ವದಂತಿ ಬೆಂಗಳೂರಿನಲ್ಲಿ ಹಬ್ಬಿತು. ಸಾವಿರಾರು ಬಡ ಕೆಲಸಗಾರರು, ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದರು. ಸರಕಾರ ದಿನಗಟ್ಟಲೆ ಎಸ್ಸೆಮ್ಮೆಸ್ಸಿಗೆ ಮಿತಿ ಹಾಕಬೇಕಾಯಿತು. ಒಂದು ಸುಳ್ಳು ಚಿತ್ರವನ್ನು ಒಳ್ಳೆಯ ಉದ್ದೇಶದಿಂದ ಕಳುಹಿಸಿದವನು, ಅದು ಯಾವ ರೈಲು ಹತ್ತಿಸುತ್ತದೆ ಎಂದು ಬಲ್ಲನೇ?

ಹಝ್ರತ್ ಆಯಿಶಾ(ರ)ರ ಮೇಲೆ ಅಪವಾದ ಹೊರಿಸಿದ ಘಟನೆಯಲ್ಲೂ ಮಾತನ್ನು ಹುಟ್ಟಿಸಿದವರು ಕಪಟರು. ಸಾಗಿಸಿದವರಲ್ಲಿ ಮಾತ್ರ ಸಾಚಾ ವಿಶ್ವಾಸಿಗಳೂ ಇದ್ದರು. ಮಿಸ್ತಹ್(ರ) ಬದ್ರ್‌ನಲ್ಲಿ ಹೋರಾಡಿದವರು. ಒಂದು ತಿಂಗಳ ಕಾಲ ಆ ಮನೆ ಎಂಥ ನೋವು ಉಂಡಿತೆಂದು ನಮಗೆ ಗೊತ್ತು.

2025ರ ಏಪ್ರಿಲ್ 22ರಂದು ಪಹಲ್‌ಗಾಮಿನಲ್ಲಿ 26 ಮಂದಿಯನ್ನು ಕೊಂದರು. ಧರ್ಮ ಕೇಳಿ ಕೊಂದರು. ನಮ್ಮ ಶಿವಮೊಗ್ಗದವರು, ಬೆಂಗಳೂರಿನವರು ಅದರಲ್ಲಿದ್ದರು. ಪ್ರವಾಸಿಗರನ್ನು ಉಳಿಸಲು ಹೋದ ಕುದುರೆಯ ಕೆಲಸದ ಬಡ ಮುಸ್ಲಿಮನೊಬ್ಬನೂ ಗುಂಡಿಗೆ ಬಲಿಯಾದ. ಕಾಶ್ಮೀರದ ಪತ್ರಿಕೆಗಳು ಮುಖಪುಟವನ್ನೇ ಕಪ್ಪಾಗಿಸಿ ಅಚ್ಚು ಮಾಡಿದವು. ಗಂಡನನ್ನು ಕಣ್ಣೆದುರೇ ಕಳೆದುಕೊಂಡ ಶಿವಮೊಗ್ಗದ ಆ ತಾಯಿ, ತಮ್ಮನ್ನು ಕಾಪಾಡಿದವರು ಸ್ಥಳೀಯ ಕಾಶ್ಮೀರಿಗಳು ಎಂದು ಆ ದುಃಖದಲ್ಲೂ ಹೇಳಿದರು. ಇತ್ತ ಫೋನುಗಳಲ್ಲಿ ಏನು ನಡೆಯಿತು? ಬದುಕಿರುವ ಯಾವುದೋ ದಂಪತಿಯ ವೀಡಿಯೊವನ್ನು ಅಗಲಿದ ನೌಕಾಪಡೆಯ ಅಧಿಕಾರಿಯ ಕೊನೆಯ ಕ್ಷಣ ಎಂದು ಹಂಚಿದರು. ನಾವು ಬದುಕಿದ್ದೇವೆ ಎಂದು ಆ ದಂಪತಿ ಬಂದು ಹೇಳಬೇಕಾಯಿತು. ಮುಸ್ಲಿಮರ, ಕಾಶ್ಮೀರಿಗಳ ಮೇಲೆ ದ್ವೇಷ ಬೇಡ ಎಂದ ಆ ಅಧಿಕಾರಿಯ ಪತ್ನಿಯನ್ನೇ ಬಾಯಿಗೆ ಬಂದಂತೆ ಬೈದರು. ನಮ್ಮ ಕಡೆಯ ಕೆಲವು ಗುಂಪುಗಳಲ್ಲೋ, ಇದೆಲ್ಲ ಯಾರದೋ ನಾಟಕ ಎಂಬ ಸಂದೇಶಗಳು. ಆಧಾರ ಕೇಳಿದರೆ ಒಬ್ಬನ ಬಳಿಯೂ ಇಲ್ಲ. ಮನೆಯ ಯಜಮಾನನ ಮಯ್ಯಿತ್ ಮುಂದಿಟ್ಟುಕೊಂಡು ಅಳುತ್ತಿರುವವರ ಕಿವಿಗೆ ಇದು ಬಿದ್ದರೆ ಹೇಗಾದೀತು?

"ಪ್ರತಿ ಸಲ ನಾವೇ ಏಕೆ ಖಂಡಿಸಬೇಕು, ನಾವೇನು ಜಾಮೀನು ಕೊಡಬೇಕೇ?" ಎಂದು ಕೇಳುವವರಿದ್ದಾರೆ. ಆ ಬೇಸರ ನನಗೂ ಇದೆ. ಮೈಕು ಹಿಡಿದು ಬಂದು ಪ್ರಮಾಣಪತ್ರ ಕೇಳುವವನಿಗೆ ನಾವು ಋಣಿಗಳಲ್ಲ. ಆದರೆ ನೆರೆಮನೆಯಲ್ಲಿ ಸಾವಾದಾಗ ನಾವು ಹೋಗುವುದು ಯಾರಿಗೋ ತೋರಿಸಲೆಂದಲ್ಲ. ಮುಂಬೈ ದಾಳಿಯ ಬಳಿಕ ಅಲ್ಲಿನ ಬಡಾ ಕಬರಸ್ತಾನದವರು ಸತ್ತ ದಾಳಿಕೋರರಿಗೆ ಜಾಗ ಕೊಡಲು ಒಪ್ಪಲೇ ಇಲ್ಲ. ಯುವಕರು ಮೊದಲಿಗೆ ನನ್ನ ಬಳಿ 'ನಮ್ಮವನು ಕೊಂದರೆ' ಎಂದರಲ್ಲ, ಆ ಮಾತು ನನ್ನನ್ನು ಚುಚ್ಚಿದ್ದು ಇದಕ್ಕೇ. ಕೊಂದವನನ್ನು ನಮ್ಮವನೆಂದು ಪತ್ರಿಕೆಯವರು ಬರೆಯುವ ಮೊದಲೇ ನಮ್ಮ ಬಾಯಲ್ಲಿ ಬಂದುಬಿಡುತ್ತದೆ.

ನಮ್ಮ ಜಮಾಅತಿನ ಗುಂಪಿನಲ್ಲಿ ಈಗ ಎರಡು ಕಟ್ಟುಪಾಡು ಮಾಡಿದ್ದೇವೆ. ದಾಳಿಯ ಚಿತ್ರ, ವೀಡಿಯೊ ಯಾರೂ ಹಾಕುವಂತಿಲ್ಲ, ಉಸ್ತಾದರೂ ಸೇರಿದಂತೆ. ದೊಡ್ಡ ಘಟನೆಯ ಸುದ್ದಿಯನ್ನು ಮೊದಲ ದಿನ ಹಾಕುವಂತಿಲ್ಲ. ಏನು ಹೇಳಬೇಕೋ ಅದನ್ನು ಕಮಿಟಿಯ ಮೂವರು ನೋಡಿ ಹೇಳುತ್ತಾರೆ. ಆ ಹತ್ತು ವರ್ಷದ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಗುಂಪಿನ ಉಸ್ತುವಾರಿ ಅವನದೇ. ಎರಡು ಸಲ ನನ್ನ ಸಂದೇಶವನ್ನೇ ಅಳಿಸಿದ್ದಾನೆ.

ಪ್ರಶ್ನೆ ಕೇಳಿದ ಯುವಕರಿಬ್ಬರಿಗೆ ನಾನು ಬೇರೆ ಕೆಲಸ ಕೊಟ್ಟೆ. ಪೊಲೀಸರು ವಿಚಾರಿಸಿ ಅದೇ ಸಂಜೆ ಬಿಟ್ಟು ಕಳುಹಿಸಿದ ನಮ್ಮ ಕಡೆಯ ಹುಡುಗನೊಬ್ಬನನ್ನು ಒಂದು ಪತ್ರಿಕೆ 'ಶಂಕಿತ ಉಗ್ರ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿತ್ತು, ಬಿಟ್ಟದ್ದನ್ನು ಮಾಡಿರಲಿಲ್ಲ. "ಸಂಪಾದಕರಿಗೆ ಬರೆಯಿರಿ" ಎಂದೆ. ಸಂಪಾದಕರು ಸರಿಪಡಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು, ಅದಕ್ಕೂ ಮೊದಲು ಸಂಪಾದಕರಿಗೆ ಬರೆದಿರಲೇಬೇಕು. ಇದು ನಮ್ಮವರಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಇಬ್ಬರೂ ಮೂರು ಪುಟ ಸಿಟ್ಟು ಬರೆದು ತಂದರು. ಕುಳಿತು ಹತ್ತು ಸಾಲಿಗೆ ಇಳಿಸಿದೆವು: ಯಾವ ದಿನಾಂಕ, ಯಾವ ಪುಟ, ಏನು ತಪ್ಪು, ನಿಜ ಏನು, ದಾಖಲೆ ಏನು. ಒಂಬತ್ತನೆಯ ದಿನ ಆರನೇ ಪುಟದ ಕೆಳಗೆ ನಾಲ್ಕು ಸಾಲಿನ ತಿದ್ದುಪಡಿ ಬಂತು. ಅದನ್ನು ಕತ್ತರಿಸಿ ಮಸೀದಿಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ಹುಡುಗನ ತಂದೆ ಅದರ ಜೆರಾಕ್ಸ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಾರೆ.